ಓದುಗರ ಪ್ರಶ್ನೆ: ಹಳೆಯ ಡೀಸೆಲ್ ಗಾಡಿಗೆ ಊರೊಳಗೆ ಜಾಗ ಎಲ್ಲಿಯವರೆಗೆ?

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯಕ್ಕೆ ಸೇರಿದವು. ಊರಿನ ಗಾಳಿ ಕೆಡದಿರಲೆಂದು ಹಳೆಯ ಗಾಡಿಗಳಿಗೆ ಶುಲ್ಕ ಹಾಕುವ ಅಥವಾ ಒಳಗೇ ಬಿಡದ ವಲಯಗಳು ಲಂಡನ್ನಿನಲ್ಲಿವೆ, ಜರ್ಮನಿಯಲ್ಲಿವೆ. ದೆಹಲಿಯಲ್ಲಿ ಬೇರೆ ಹೆಸರಿನಲ್ಲಿ ಅದೇ ನಡೆದಿದೆ. ಅಲ್ಲಿರುವ ಕನ್ನಡಿಗರು, ಅಲ್ಲಿಗೆ ಲೋಡ್ ಕಳಿಸುವವರು, ಇಲ್ಲೇ ಕೂತು ‘ನಮ್ಮ ಗಾಡಿ ಗತಿ ಏನು’ ಎಂದು ಯೋಚಿಸುತ್ತಿರುವವರು ಎಲ್ಲರೂ ಬರೆದಿದ್ದಾರೆ.

ಪ್ರಶ್ನೆ: 2014ರ ಡೀಸೆಲ್ ಹ್ಯಾಚ್‌ಬ್ಯಾಕ್ ತೀರಾ ಅಗ್ಗಕ್ಕೆ ಸಿಗುತ್ತಿದೆ. ಎಂಒಟಿ (ವಾರ್ಷಿಕ ತಪಾಸಣೆ) ಪಾಸಾಗಿದೆ, ಎಂಜಿನ್ ಗಟ್ಟಿಮುಟ್ಟಾಗಿದೆ. ಅದೇ ಬೆಲೆಗೆ 2007ರ ಪೆಟ್ರೋಲ್ ಕಾರೂ ಇದೆ. ಏಳು ವರ್ಷ ಹೊಸದಾದ ಡೀಸೆಲ್ಲೇ ಒಳ್ಳೆಯದಲ್ಲವೇ?
– ಓದುಗರೊಬ್ಬರು, ಹ್ಯಾರೋ, ಲಂಡನ್

ಅಗ್ಗಕ್ಕೆ ಸಿಗುತ್ತಿರುವುದಕ್ಕೆ ಕಾರಣವೇ ಅದು ಡೀಸೆಲ್ ಆಗಿರುವುದು. 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳೂ (ಆಡಳಿತ ವಿಭಾಗಗಳು) ‘ಯುಲೆಜ್’ ಎಂಬ ಕಡಿಮೆ ಹೊಗೆ ವಲಯದ ಒಳಗೆ ಬಂದಿವೆ, ಹ್ಯಾರೋ ಕೂಡ. ಗಾಡಿ ಬಿಡುವ ಹೊಗೆಗೆ ಯುರೋಪಿನಲ್ಲಿ ‘ಯೂರೊ’ ಎಂಬ ವರ್ಗಗಳಿವೆ, ಅಂಕಿ ಏರಿದಂತೆ ಮಿತಿ ಬಿಗಿ. ಆ ವಲಯದಲ್ಲಿ ಪೆಟ್ರೋಲ್ ಕಾರು ಯೂರೊ 4 ಆಗಿದ್ದರೆ ಸಾಕು. ಡೀಸೆಲ್ ಯೂರೊ 6 ಆಗಿರಲೇಬೇಕು. 2007ರ ಪೆಟ್ರೋಲ್ ಕಾರು ಸಾಮಾನ್ಯವಾಗಿ ಯೂರೊ 4, 2014ರ ಡೀಸೆಲ್ ಸಾಮಾನ್ಯವಾಗಿ ಯೂರೊ 5. ಹಾಗಾಗಿ ಹಳೆಯ ಪೆಟ್ರೋಲ್ ಕಾರು ಪುಕ್ಕಟೆ ಓಡಾಡುತ್ತದೆ, ಹೊಸ ಡೀಸೆಲ್ ಕಾರು ದಿನಕ್ಕೆ 12.50 ಪೌಂಡ್ ಕಟ್ಟುತ್ತದೆ.

ಇದು ಅನ್ಯಾಯ ಅನ್ನಿಸಬಹುದು. ಆದರೆ ಅಂಕಿ ನೋಡಿ. ಒಂದು ಕಿಲೋಮೀಟರಿಗೆ ಬಿಡಬಹುದಾದ ನೈಟ್ರೋಜನ್ ಆಕ್ಸೈಡ್ ಯೂರೊ 4 ಪೆಟ್ರೋಲ್‌ಗೆ 0.08 ಗ್ರಾಂ. ಯೂರೊ 5 ಡೀಸೆಲ್‌ಗೆ 0.18. ಯೂರೊ 6 ಡೀಸೆಲ್‌ಗೆ ಮತ್ತೆ 0.08. ಅಂದರೆ ಡೀಸೆಲ್ ಕಾರು ಪೆಟ್ರೋಲ್ ಕಾರಿನ ಸಮಕ್ಕೆ ಬಂದದ್ದೇ ಯೂರೊ 6ರಲ್ಲಿ. ಅದೂ ಪ್ರಯೋಗಾಲಯದ ಮಾತು. ರಸ್ತೆಯಲ್ಲಿ ಯೂರೊ 5 ಡೀಸೆಲ್‌ಗಳು ಆ 0.18ರ ಎಷ್ಟೋ ಪಟ್ಟು ಬಿಡುತ್ತಿದ್ದವು ಎಂಬುದು ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ 2015ರ ಫೋಕ್ಸ್‌ವ್ಯಾಗನ್ ಹಗರಣದ ನಂತರ ಎಲ್ಲರಿಗೂ ಗೊತ್ತಾಯಿತು.

ಲೆಕ್ಕ ಹಾಕಿ: ತಿಂಗಳಿಗೆ 20 ದಿನ ಕೆಲಸಕ್ಕೆ ಹೋದರೆ 250 ಪೌಂಡ್, ವರ್ಷಕ್ಕೆ 3,000. ಬೆಲೆಯಲ್ಲಿ ಉಳಿದದ್ದು ಕೆಲವೇ ತಿಂಗಳಲ್ಲಿ ಕರಗಿಹೋಗುತ್ತದೆ. ವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವವರಾದರೆ ಲೆಕ್ಕ ಬೇರೆ. ಮನೆಮುಂದೆ ನಿಂತ ಕಾರಿಗೆ ಶುಲ್ಕವಿಲ್ಲ, ಓಡಿಸಿದ ದಿನಕ್ಕೆ ಮಾತ್ರ.

ಒಂದು ಎಚ್ಚರಿಕೆ. ಇಸವಿ ನೋಡಿ ತೀರ್ಮಾನಿಸಬೇಡಿ. ಹೊಸ ಡೀಸೆಲ್ ಕಾರುಗಳಿಗೆ ಯೂರೊ 6 ಕಡ್ಡಾಯವಾದ 2015ರ ಸೆಪ್ಟೆಂಬರ್ ಎಂಬುದು ಅಂದಾಜಿನ ಗೆರೆ ಅಷ್ಟೆ. ಅದಕ್ಕೂ ಮೊದಲೇ ಯೂರೊ 6 ಡೀಸೆಲ್ ಮಾರಿದ ಕಂಪನಿಗಳಿವೆ. ಗೋದಾಮಿನಲ್ಲಿ ಉಳಿದಿದ್ದ ಯೂರೊ 5 ಕಾರುಗಳು ಆ ನಂತರವೂ ನೋಂದಣಿಯಾದದ್ದುಂಟು. ಕೊಳ್ಳುವ ಮೊದಲು ಕಾರಿನ ನಂಬರ್ ಪ್ಲೇಟನ್ನೇ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ನ ತಪಾಸಣೆ ಪುಟಕ್ಕೆ ಹಾಕಿ ನೋಡಿ. ಎರಡು ನಿಮಿಷದ ಕೆಲಸ. ಅಲ್ಲಿ ‘ಶುಲ್ಕವಿದೆ’ ಎಂದು ಬಂದು, ವಿ5ಸಿ ಎಂಬ ನೋಂದಣಿ ಪುಸ್ತಕದಲ್ಲಿ ನೈಟ್ರೋಜನ್ ಆಕ್ಸೈಡ್ 0.08 ಅಥವಾ ಅದಕ್ಕಿಂತ ಕಡಿಮೆ ಎಂದಿದ್ದರೆ ಆ ಪುಟದ ಪ್ರತಿ ಕಳಿಸಿ ತಿದ್ದಿಸಬಹುದು. ಮಾರುವವನ ಬಾಯಿಮಾತು ಮಾತ್ರ ನಂಬಬೇಡಿ.

ಪ್ರಶ್ನೆ: ಮಗ ಕ್ರಾಯ್ಡನ್ ಕಡೆ ಇದ್ದಾನೆ. ಹಳೆಯ ಡೀಸೆಲ್ ಕಾರು. ನಮ್ಮನ್ನು ಹೀಥ್ರೋದಿಂದ ಕರೆದುಕೊಂಡು ಹೋಗಲು ರಾತ್ರಿ ಹನ್ನೊಂದರ ಸುಮಾರಿಗೆ ಬಂದ, ಮನೆ ಸೇರುವಾಗ ಒಂದು ಗಂಟೆ. ಆ ದಿನದ ಶುಲ್ಕ ಕಟ್ಟಿದ್ದ. ಆದರೂ 180 ಪೌಂಡ್ ದಂಡದ ನೋಟಿಸ್ ಬಂದಿದೆ ಅಂತಾನೆ. ತಪ್ಪಾಗಿ ಬಂದಿರಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ತಪ್ಪಾಗಿ ಬಂದಿಲ್ಲ. ಯುಲೆಜ್ ದಿನ ಎಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಹನ್ನೆರಡು ದಾಟಿದ ಕೂಡಲೇ ಇನ್ನೊಂದು ದಿನ, ಇನ್ನೊಂದು 12.50. ನಿಮ್ಮ ಮಗ ಮೊದಲ ದಿನದ್ದು ಕಟ್ಟಿ ಎರಡನೆಯದನ್ನು ಬಿಟ್ಟಿದ್ದಾನೆ. ಕ್ರಿಸ್‌ಮಸ್ ದಿನ ಬಿಟ್ಟರೆ ವರ್ಷವಿಡೀ, ಭಾನುವಾರವೂ ಸೇರಿ, ಹೀಗೇ. 14 ದಿನದೊಳಗೆ ಕಟ್ಟಿದರೆ ದಂಡ 90ಕ್ಕೆ ಇಳಿಯುತ್ತದೆ. ವಾದಕ್ಕೆ ಕೂರದೆ ಕಟ್ಟಿಬಿಡುವುದು ಲಾಭ. ಓಡಿಸಿದ ದಿನದ ನಂತರ ಮೂರನೆಯ ದಿನದ ಮಧ್ಯರಾತ್ರಿಯವರೆಗೆ ಶುಲ್ಕ ಕಟ್ಟಲು ಅವಕಾಶವಿರುತ್ತದೆ. ಅದು ನೆನಪಿರದವರು ‘ಆಟೊ ಪೇ’ ಖಾತೆ ತೆರೆದು ಕಾರಿನ ನಂಬರ್ ಸೇರಿಸಿಬಿಡಬೇಕು, ಕ್ಯಾಮೆರಾ ನೋಡಿದ್ದಕ್ಕೆ ತಾನಾಗಿ ಹಣ ಕಡಿತವಾಗುತ್ತದೆ. ಎಂ25 ಹೆದ್ದಾರಿಗೆ ಶುಲ್ಕವಿಲ್ಲ ನಿಜ, ಆದರೆ ಕ್ರಾಯ್ಡನ್ನೂ ಹೀಥ್ರೋವೂ ಎರಡೂ ವಲಯದೊಳಗೇ ಇವೆ, ಸುತ್ತಿ ಬಂದೂ ಪ್ರಯೋಜನವಿಲ್ಲ.

ನಿಮ್ಮನ್ನು ಊರು ತೋರಿಸಲು ಅದೇ ಕಾರಿನಲ್ಲಿ ಕರೆದೊಯ್ಯುವುದಾದರೆ ಇದೂ ತಿಳಿದಿರಲಿ. ಬರ್ಮಿಂಗ್‌ಹ್ಯಾಮ್‌ಗೆ ದಿನಕ್ಕೆ 8 ಪೌಂಡ್, ಬ್ರಿಸ್ಟಲ್‌ಗೆ 9. ಲಂಡನ್ನಿನ ಆಟೊ ಪೇ ಅಲ್ಲಿ ನಡೆಯದು; ಸರ್ಕಾರದ ಪ್ರತ್ಯೇಕ ಪುಟದಲ್ಲಿ ಹೋಗುವ ಆರು ದಿನ ಮೊದಲಿನಿಂದ ಹೋದ ಆರು ದಿನದ ನಂತರದವರೆಗೆ ಕಟ್ಟಬಹುದು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಶುಲ್ಕ ಎಂಬುದೇ ಇಲ್ಲ. ಹಾಗೆಂದು ಖುಷಿಪಡಬೇಡಿ, ಅಲ್ಲಿ ದುಡ್ಡು ಕೊಟ್ಟು ಒಳಹೋಗಲೂ ಬರುವುದಿಲ್ಲ. ಹೋದರೆ ನೇರ ದಂಡ, 60 ಪೌಂಡಿನಿಂದ ಶುರು, ಮತ್ತೆ ಮತ್ತೆ ಹೋದರೆ ದುಪ್ಪಟ್ಟಾಗುತ್ತ ಹೋಗುತ್ತದೆ.

ಪ್ರಶ್ನೆ: ನನ್ನ ಡೀಸೆಲ್ ಕಾರಿಗೆ ಹಸಿರು ಸ್ಟಿಕರ್ ಇದೆ. ಆದರೂ ಸಹೋದ್ಯೋಗಿಗಳು ‘ನಿನ್ನ ಕಾರು ಸ್ಟುಟ್‌ಗಾರ್ಟ್ ಒಳಗೆ ಬರುವಂತಿಲ್ಲ’ ಎನ್ನುತ್ತಾರೆ. ಹಸಿರು ಅಂದರೆ ಹೋಗಬಹುದು ಅಂತಲ್ಲವೇ?
– ಓದುಗರೊಬ್ಬರು, ಲುಡ್ವಿಗ್ಸ್‌ಬುರ್ಗ್, ಜರ್ಮನಿ

ಎರಡು ಬೇರೆ ಬೇರೆ ನಿಯಮಗಳು ಒಂದರ ಮೇಲೊಂದು ಕೂತಿವೆ. ಗಾಜಿಗೆ ಬಣ್ಣದ ಸ್ಟಿಕರ್ ಅಂಟಿಸಿ ಊರೊಳಗೆ ಬಿಡುವ ವ್ಯವಸ್ಥೆ 2008ರದು. ಅದು ಹುಟ್ಟಿದ್ದು ಮಸಿಯ ಕಣಗಳನ್ನು ತಡೆಯಲು. ಯೂರೊ 4 ಡೀಸೆಲ್‌ಗೂ, ಫಿಲ್ಟರ್ ಹಾಕಿಸಿಕೊಂಡ ಯೂರೊ 3ಕ್ಕೂ ಹಸಿರು ಸಿಗುತ್ತದೆ. ಡೀಸೆಲ್ ನಿಷೇಧ ಬಂದದ್ದು ಆಮೇಲೆ, ನೈಟ್ರೋಜನ್ ಡೈಆಕ್ಸೈಡ್ ತಡೆಯಲು. 2018ರ ಫೆಬ್ರವರಿ 27ರಂದು ಲೈಪ್‌ಜಿಗ್‌ನ ಫೆಡರಲ್ ಆಡಳಿತ ನ್ಯಾಯಾಲಯ ‘ಊರುಗಳು ಇಂಥ ನಿಷೇಧ ಹಾಕಬಹುದು’ ಎಂದಿತು. ಸ್ಟುಟ್‌ಗಾರ್ಟ್ 2019ರ ಜನವರಿ 1ರಿಂದ ಯೂರೊ 4 ಮತ್ತು ಅದಕ್ಕಿಂತ ಹಳೆಯ ಡೀಸೆಲ್‌ಗಳನ್ನು ಊರಿನ ವಲಯದಿಂದ ಹೊರಗಿಟ್ಟಿತು. 2020ರಲ್ಲಿ ಊರ ನಡುವಿನ ಚಿಕ್ಕ ವಲಯಕ್ಕೆ ಯೂರೊ 5ರ ಮೇಲೂ ನಿರ್ಬಂಧ ಬಂತು. ಹಾಗಾಗಿ ಗಾಜಿನ ಮೇಲಿನ ಹಸಿರು ಬಣ್ಣ ಬೇರೆ ಬಹುಪಾಲು ಊರುಗಳಿಗೆ ಸಾಕು, ಸ್ಟುಟ್‌ಗಾರ್ಟಿಗೆ ಸಾಲದು.

ನಿಮ್ಮ ನೋಂದಣಿ ಕಾಗದದ ಮೊದಲ ಭಾಗದಲ್ಲಿ 14 ಮತ್ತು 14.1 ಎಂಬ ಖಾನೆಗಳಿವೆ. 14ರಲ್ಲಿ ‘ಯೂರೊ 5’ ಎಂದು ಅಕ್ಷರದಲ್ಲೇ ಇರಬಹುದು, ಇಲ್ಲದಿದ್ದರೆ 14.1ರ ಕೊನೆಯ ಎರಡು ಅಂಕಿಗಳೇ ಹೊಗೆ ವರ್ಗದ ಸಂಕೇತ. ಯೂರೊ 4 ಅಥವಾ 5 ಆಗಿದ್ದು, ಹೊಗೆ ತಗ್ಗಿಸುವ, ಅನುಮತಿ ಪಡೆದ ಹಾರ್ಡ್‌ವೇರ್ ಹಾಕಿಸಿ ಕಿಲೋಮೀಟರಿಗೆ 270 ಮಿಲಿಗ್ರಾಂಗಿಂತ ಕಡಿಮೆ ನೈಟ್ರೋಜನ್ ಆಕ್ಸೈಡ್ ಎಂದು ಕಾಗದಕ್ಕೆ ಏರಿಸಿಕೊಂಡಿದ್ದರೆ ನಿಷೇಧ ತಟ್ಟುವುದಿಲ್ಲ. ಆದರೆ ಹಳೆಯ ಕಾರಿಗೆ ಆ ಖರ್ಚು ಮಾಡುವ ಮೊದಲು ಕಾರಿನ ಈಗಿನ ಬೆಲೆ ಎಷ್ಟೆಂದು ವಿಚಾರಿಸಿ.

ಇನ್ನೊಂದು ಸಣ್ಣ ವಿಷಯ. ಸ್ಟಿಕರಿನ ಮೇಲೆ ನಂಬರ್ ಬರೆದಿರುತ್ತದಲ್ಲ, ಬಿಸಿಲಿಗೆ ಅದು ಮಾಸಿ ಕಾಣದಂತಾಗಿದ್ದರೂ, ಕಾರಿನ ನಂಬರ್ ಬದಲಾದ ಮೇಲೂ ಹಳೆಯದೇ ಇದ್ದರೂ 100 ಯೂರೊ ದಂಡ ಬೀಳಬಹುದು. ಸೆಕೆಂಡ್‌ಹ್ಯಾಂಡ್ ಕೊಂಡವರು ಬಹಳ ಮಂದಿ ಸಿಕ್ಕಿಬೀಳುವುದು ಇಲ್ಲೇ.

ಪ್ರಶ್ನೆ: ದೆಹಲಿಯಲ್ಲಿ ಸರ್ಕಾರಿ ನೌಕರಿ. 2013ರಲ್ಲಿ ಅಲ್ಲೇ ಕೊಂಡ ಡೀಸೆಲ್ ಎಸ್‌ಯುವಿ ಇದೆ, 90 ಸಾವಿರ ಕಿ.ಮೀ. ಓಡಿದೆ. ಒಬ್ಬರು ‘ಸೀಜ್ ಮಾಡುತ್ತಾರೆ’ ಅಂತಾರೆ, ಇನ್ನೊಬ್ಬರು ‘ಸುಪ್ರೀಂ ಕೋರ್ಟ್ ಬಿಟ್ಟಿದೆ’ ಅಂತಾರೆ. ನಿವೃತ್ತಿಯ ನಂತರ ಮೈಸೂರಿಗೆ ತೆಗೆದುಕೊಂಡು ಹೋಗಬೇಕೆಂದಿದ್ದೇನೆ. ಆಗುತ್ತದೆಯೇ?
– ಓದುಗರೊಬ್ಬರು, ಮಯೂರ ವಿಹಾರ, ದೆಹಲಿ

ಇಬ್ಬರು ಹೇಳಿದ್ದೂ ಒಂದೊಂದು ಕಾಲಕ್ಕೆ ನಿಜ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ರಾಜಧಾನಿ ಪ್ರದೇಶದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ಪೀಠ 2015ರ ಏಪ್ರಿಲ್‌ನಲ್ಲಿ ಹೇಳಿತು. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 29ರಂದು ಅದನ್ನೇ ಜಾರಿಮಾಡಿ ಎಂದಿತು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ಬಂಕ್‌ನಲ್ಲಿ ಎಣ್ಣೆಯನ್ನೇ ಹಾಕಬಾರದೆಂದು ಕ್ಯಾಮೆರಾ ಇಟ್ಟರು, ಕೆಲವೇ ದಿನಗಳಲ್ಲಿ ಕೈಬಿಟ್ಟರು. ಅದೇ ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ‘ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ’ ಎಂದಿತು. ಡಿಸೆಂಬರ್ 17ರಂದು ಆ ರಕ್ಷಣೆಯನ್ನು ಬಿಎಸ್‌ 4 (ಬಿಎಸ್‌ ಎಂದರೆ ಭಾರತ್ ಸ್ಟೇಜ್, ನಮ್ಮ ದೇಶದ ಹೊಗೆ ವರ್ಗ) ಮತ್ತು ಅದಕ್ಕಿಂತ ಹೊಸ ಗಾಡಿಗಳಿಗಷ್ಟೇ ಸೀಮಿತಗೊಳಿಸಿತು. ಬಿಎಸ್‌ 3 ಮತ್ತು ಅದಕ್ಕಿಂತ ಹಳೆಯದಕ್ಕೆ ರಕ್ಷಣೆ ಇಲ್ಲ.

ಅಂದರೆ ಈಗ ನಿಮ್ಮ ಗಾಡಿಯ ಹಣೆಬರಹ ಇರುವುದು ಇಸವಿಯಲ್ಲಲ್ಲ, ಆರ್‌ಸಿಯ ‘ಎಮಿಷನ್ ನಾರ್ಮ್ಸ್’ ಎಂಬ ಸಾಲಿನಲ್ಲಿ. ದೆಹಲಿ, ಬೆಂಗಳೂರು ಸೇರಿ 13 ನಗರಗಳಿಗೆ ಬಿಎಸ್‌ 4 ಬಂದದ್ದು 2010ರ ಏಪ್ರಿಲ್‌ನಲ್ಲಿ, ಇಡೀ ದೇಶಕ್ಕೆ 2017ರ ಏಪ್ರಿಲ್‌ನಲ್ಲಿ. ಹಾಗಾಗಿ ದೆಹಲಿಯಲ್ಲಿ ಕೊಂಡ ನಿಮ್ಮ 2013ರ ಗಾಡಿ ಬಿಎಸ್‌ 4 ಆಗಿರಬೇಕು. ಅದೇ ವರ್ಷ ಅದೇ ಮಾದರಿಯನ್ನು ಬಿಎಸ್‌ 4 ಇನ್ನೂ ಬಾರದ ಊರಲ್ಲಿ ಕೊಂಡು ತಂದವರದ್ದು ಬಿಎಸ್‌ 3 ಇರಬಹುದು. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಎರಡು ಸಾಲು ಓದಿ: ಎಮಿಷನ್ ನಾರ್ಮ್ಸ್ ಏನಿದೆ, ಆರ್‌ಸಿ ಸ್ಟೇಟಸ್ ‘ಆ್ಯಕ್ಟಿವ್’ ಇದೆಯೇ. ಮೊದಲನೆಯದು ಖಾಲಿ ಇದ್ದರೆ ಕೊಂಡಾಗಿನ ಫಾರಂ 22 ಹುಡುಕಿ ಆರ್‌ಟಿಒದಲ್ಲಿ ತುಂಬಿಸಿಕೊಳ್ಳಿ. ಎರಡನೆಯ ಸಾಲಿನಲ್ಲಿ ನೋಂದಣಿ ರದ್ದು ಎಂದಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ವಿಮೆ ಇದ್ದೂ ಉಪಯೋಗಕ್ಕೆ ಬರುವುದಿಲ್ಲ.

ಕೋರ್ಟಿನ ರಕ್ಷಣೆ ಇದ್ದರೂ ಚಳಿಗಾಲದ ನಿಯಮ ಬೇರೆ. ಗಾಳಿ ಕೆಟ್ಟು ‘ಗ್ರ್ಯಾಪ್’ (ಮಾಲಿನ್ಯ ಏರಿದಂತೆ ಹಂತಹಂತವಾಗಿ ಬಿಗಿಯಾಗುವ ನಿರ್ಬಂಧಗಳು) ಮೂರನೆಯ ಹಂತ ಜಾರಿಯಾದ ದಿನಗಳಲ್ಲಿ ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ಗೌತಮ ಬುದ್ಧ ನಗರಗಳಲ್ಲಿ ಬಿಎಸ್‌ 4 ಡೀಸೆಲ್ ಕಾರು ಓಡುವಂತಿಲ್ಲ. ಸಿಕ್ಕರೆ 20,000 ರೂಪಾಯಿ ದಂಡ. ಮಯೂರ ವಿಹಾರದಿಂದ ನೋಯ್ಡಾ ಕಡೆಗೆ ಗಡಿ ದಾಟಿದರೂ ತಪ್ಪುವುದಿಲ್ಲ, ಅದಿರುವುದು ಪಟ್ಟಿಯಲ್ಲಿರುವ ಗೌತಮ ಬುದ್ಧ ನಗರದಲ್ಲೇ.

ಮೈಸೂರಿಗೆ ತರುವುದು ಆಗುತ್ತದೆ. ಕರ್ನಾಟಕದಲ್ಲಿ ಹತ್ತು ವರ್ಷದ ಡೀಸೆಲ್ ನಿಷೇಧವಿಲ್ಲ. ಕೆಲಸದ ಕ್ರಮ ಹೀಗೆ. ಮೊದಲು ಬಾಕಿ ಚಲನ್‌ಗಳನ್ನೆಲ್ಲ ತೀರಿಸಿ. ಒಂದು ಉಳಿದರೂ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ನಿಲ್ಲುತ್ತದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು, ಫಾರಂ 35 ಕೊಟ್ಟು ತೆಗೆಸಿ. ನಂತರ ಫಾರಂ 28ರಲ್ಲಿ ಎನ್‌ಒಸಿ ಅರ್ಜಿ. ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕು. ಹನ್ನೆರಡು ವರ್ಷದ ಗಾಡಿಯಲ್ಲಿ ಆ ಜಾಗ ತುಕ್ಕು, ಕೆಸರು ಹಿಡಿದಿರುತ್ತದೆ. ಸೀಮೆಎಣ್ಣೆ ಹಾಕಿದ ಬಟ್ಟೆಯಿಂದ ಒರೆಸಿ ತೆಗೆಯಿರಿ, ಮರಳು ಕಾಗದದಿಂದ ಉಜ್ಜಿದರೆ ಅಂಕಿಯೇ ಸವೆದು ‘ತಿದ್ದಿದ್ದಾರೆ’ ಎಂಬ ಅನುಮಾನ ಬರುತ್ತದೆ. ಎನ್‌ಒಸಿಯನ್ನು ನೀವು ಇರಲಿರುವ ಕಡೆಯ ಆರ್‌ಟಿಒ ಹೆಸರಿಗೇ ಬರೆಸಿ. ಬೆಂಗಳೂರಿನ ಹೆಸರಿಗೆ ಬರೆಸಿ ಮೈಸೂರಿನಲ್ಲಿ ಹೊಸ ನಂಬರ್ ಕೇಳಿದರೆ ಮತ್ತೆ ದೆಹಲಿಗೆ ಓಡಬೇಕು. ಇಲ್ಲಿ ಬಂದ ಮೇಲೆ ಫಾರಂ 27ರ ಅರ್ಜಿ, ಗಾಡಿ ತಪಾಸಣೆ, ಜೀವಾವಧಿ ತೆರಿಗೆ. ಗಾಡಿಯ ವಯಸ್ಸಿಗೆ ತಕ್ಕಂತೆ ತೆರಿಗೆಯ ಪ್ರಮಾಣ ಇಳಿಯುತ್ತದೆ. ಆದರೂ ಎಸ್‌ಯುವಿಯಾದ್ದರಿಂದ ಮೊತ್ತ ದೊಡ್ಡದೇ, ಮೊದಲೇ ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿ. ನೋಂದಣಿಯ ಹದಿನೈದು ವರ್ಷ ನಿಮಗೆ 2028ರಲ್ಲಿ ಮುಗಿಯುತ್ತದೆ. ನಿವೃತ್ತಿ ಅದಕ್ಕೂ ಆಚೆಗಿದ್ದರೆ ಈಗಲೇ ತೆರಿಗೆ ಕಟ್ಟಿ ತರುವ ತರಾತುರಿ ಬೇಡ, ಮಾರಿಬಿಡುವುದು ಮೇಲು.

ಒಮ್ಮೆ ಕೆಎ ನಂಬರ್ ಬಂದ ಮೇಲೆ ಅದೇ ಗಾಡಿಯಲ್ಲಿ ಚಳಿಗಾಲದಲ್ಲಿ ದೆಹಲಿಗೆ ವಾಪಸ್ ಹೋಗುವ ಯೋಚನೆ ಬೇಡ. 2025ರ ಡಿಸೆಂಬರ್‌ನಲ್ಲಿ ಹೊರರಾಜ್ಯದ ನಂಬರಿನ, ಬಿಎಸ್‌ 6 ಅಲ್ಲದ ಗಾಡಿಗಳನ್ನು ಗಡಿಯಲ್ಲೇ ತಿರುಗಿಸಿ ಕಳಿಸಿದರು.

ಪ್ರಶ್ನೆ: ನಮ್ಮದು ಬಿಎಸ್‌ 4 ಲಾರಿ, 2018ರದು. ಅಡಿಕೆ ಲೋಡ್ ದೆಹಲಿಗೆ ಹೋಗುತ್ತದೆ. ಎಷ್ಟು ದಿನ ಕಳಿಸಬಹುದು? ಬಿಎಸ್‌ 6 ತೆಗೆದುಕೊಂಡರೆ ಯೂರಿಯಾ ಖರ್ಚು ಜಾಸ್ತಿ ಅಂತಾರೆ. ಗೊಬ್ಬರದ ಯೂರಿಯಾ ಕರಗಿಸಿ ಹಾಕಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ದೆಹಲಿಯಲ್ಲಿ ನೋಂದಣಿಯಾಗದ ಬಿಎಸ್‌ 3 ಮತ್ತು ಅದಕ್ಕಿಂತ ಹಳೆಯ ಸರಕು ಗಾಡಿಗಳಿಗೆ 2025ರ ನವೆಂಬರ್ 1ರಿಂದ ಪ್ರವೇಶ ನಿಂತಿದೆ. ಬಿಎಸ್‌ 4ಕ್ಕೆ 2026ರ ಅಕ್ಟೋಬರ್ 31ರವರೆಗೆ ಗಡುವು. ಆಮೇಲೆ ಬಿಎಸ್‌ 6, ಸಿಎನ್‌ಜಿ, ಎಲ್‌ಎನ್‌ಜಿ, ವಿದ್ಯುತ್ ಗಾಡಿಗಳು ಮಾತ್ರ. ಗಡುವಿನೊಳಗೂ ಗ್ರ್ಯಾಪ್ ನಾಲ್ಕನೆಯ ಹಂತ ಬಂದರೆ ಅಗತ್ಯ ವಸ್ತು ಅಲ್ಲದ ಲೋಡಿನ ಬಿಎಸ್‌ 4 ಲಾರಿಯನ್ನು ಒಳಗೆ ಬಿಡುವುದಿಲ್ಲ. ಅಡಿಕೆ ಅಗತ್ಯ ವಸ್ತು ಎಂದು ವಾದಿಸಿ ಗೆದ್ದವರನ್ನು ನಾವು ಕಂಡಿಲ್ಲ. ದೆಹಲಿ ದಾಟಿ ಪಂಜಾಬ್ ಕಡೆಗೆ ಹೋಗುವ ಲೋಡಾದರೆ ಮಥುರಾ ಕಳೆದು ಪಲ್ವಲ್‌ನಲ್ಲೇ ದೆಹಲಿಯನ್ನು ಹೊರಗಿನಿಂದ ಸುತ್ತುವ ವೆಸ್ಟರ್ನ್ ಪೆರಿಫೆರಲ್ ಹೆದ್ದಾರಿ ಹಿಡಿದು ಕುಂಡ್ಲಿಗೆ ಏಳಿ. ಸುಮಾರು 135 ಕಿ.ಮೀ., ಊರೊಳಗೆ ಕಾಲಿಡುವುದೇ ಬೇಡ.

ಇನ್ನು ಯೂರಿಯಾ. ಗೊಬ್ಬರದ ಯೂರಿಯಾ ಖಂಡಿತ ಬೇಡ. ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಬಿಎಸ್‌ 6 ಲಾರಿಗೆ ಬೇಕಾದ ಡಿಇಎಫ್ ದ್ರವ ಎಂದರೆ ಶೇ 32.5 ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಹೊಲಕ್ಕೆ ಹಾಕುವ ಯೂರಿಯಾಕ್ಕೆ ನಮ್ಮಲ್ಲಿ ಬೇವಿನ ಎಣ್ಣೆ ಲೇಪ ಇರುತ್ತದೆ. ಅದು ಸಿಂಪಡಿಸುವ ನಳಿಕೆಯ ಬಾಯಿ ಕಟ್ಟುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟಿನ ಮೇಲೆ ಕೂರುತ್ತದೆ. ಬೋರ್‌ವೆಲ್ ನೀರಿನ ಸುಣ್ಣ ಇನ್ನೂ ಕೆಟ್ಟದ್ದು. ಚೀಲಕ್ಕೆ ನಾಲ್ಕು ಕಾಸು ಉಳಿಸಲು ಹೋಗಿ ಲಕ್ಷದ ಮಾತಿನ ಕ್ಯಾಟಲಿಸ್ಟ್ ಕಳೆದುಕೊಂಡ ಲಾರಿಗಳು ಊರೂರಿನ ಗ್ಯಾರೇಜಿನಲ್ಲಿವೆ. ಡಬ್ಬದ ಮೇಲೆ ಐಎಸ್‌ಒ 22241 ಎಂದಿದೆಯೇ ನೋಡಿ ಕೊಳ್ಳಿ. ಖರ್ಚು ಡೀಸೆಲ್‌ನ ಶೇ 4ರಿಂದ 6. ನೂರು ಲೀಟರ್ ಡೀಸೆಲ್‌ಗೆ ಐದು ಲೀಟರ್ ಎಂದು ಲೆಕ್ಕ ಇಡಿ. ಚಾಲಕನಿಗೆ ಒಂದು ಮಾತು ಹೇಳಿರಿ: ಅಪ್ಪಿತಪ್ಪಿ ಡಿಇಎಫ್ ಟ್ಯಾಂಕಿಗೆ ಡೀಸೆಲ್, ಅಥವಾ ಡೀಸೆಲ್ ಟ್ಯಾಂಕಿಗೆ ಡಿಇಎಫ್ ಹಾಕಿದ್ದು ಗೊತ್ತಾದರೆ ಕೀಲಿ ತಿರುಗಿಸಲೇ ಕೂಡದು. ಕೀಲಿ ತಿರುಗಿದ ಕೂಡಲೇ ಪಂಪ್ ಎಳೆದುಕೊಳ್ಳುತ್ತದೆ. ಟ್ಯಾಂಕ್ ತೊಳೆದರೆ ಮುಗಿಯುವ ಕೆಲಸ ಇಡೀ ಪೈಪು, ನಳಿಕೆ ಬದಲಿಸುವ ಕೆಲಸವಾಗುತ್ತದೆ.

ಪ್ರಶ್ನೆ: ನಮ್ಮ ಯಜಮಾನರ ಹಳೆಯ ಡೀಸೆಲ್ ಜೀಪು ಪ್ರತಿ ಸಲ ಎಮಿಷನ್ ಟೆಸ್ಟ್ ಪಾಸಾಗುತ್ತದೆ. ಹಾಗಿದ್ದ ಮೇಲೆ ಹಳೆಯದು ಅಂತ ಯಾಕೆ ದೂರಬೇಕು?
– ಓದುಗರೊಬ್ಬರು, ಮೂಡಿಗೆರೆ

ಆ ಟೆಸ್ಟ್ ಅಳೆಯುವುದು ಒಂದನ್ನೇ. ನಿಂತ ಗಾಡಿಯ ಪೆಡಲ್ ಒಮ್ಮೆಲೇ ಒತ್ತುತ್ತಾರೆ. ಸೈಲೆನ್ಸರಿನಿಂದ ಬಂದ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಯಂತ್ರ ಓದುತ್ತದೆ. ಬಿಎಸ್‌ 4ಕ್ಕೆ ಮುಂಚಿನ ಗಾಡಿಗೆ ಮಿತಿ 2.45, ಬಿಎಸ್‌ 4ಕ್ಕೆ 1.62, ಬಿಎಸ್‌ 6ಕ್ಕೆ 0.7. ನಿಮ್ಮ ಜೀಪು 2.4 ತೋರಿಸಿದರೂ ಪಾಸು, ಅದೇ ಹೊಗೆಗೆ ಹೊಸ ಗಾಡಿ ಫೇಲು. ಬಣ್ಣವಿಲ್ಲದ ನೈಟ್ರೋಜನ್ ಆಕ್ಸೈಡನ್ನು ಡೀಸೆಲ್ ಗಾಡಿಗಳ ಈ ಟೆಸ್ಟ್ ಮುಟ್ಟುವುದೇ ಇಲ್ಲ. ಬೇರೆ ಊರಿನ ವಲಯಗಳು ಗಾಡಿಯನ್ನು ಪರೀಕ್ಷಿಸದೆ ಕಾಗದದ ವರ್ಗ ನೋಡಿ ಬಾಗಿಲು ಹಾಕುವುದು ಇದಕ್ಕೇ: ರಸ್ತೆಬದಿಯಲ್ಲಿ ಅಳೆಯಲು ಆಗದ್ದನ್ನು ವರ್ಗ ಹೇಳುತ್ತದೆ.

ಟೆಸ್ಟಿಗೆ ಹೋಗುವಾಗ ತಣ್ಣಗಿನ ಎಂಜಿನ್ನಿನಲ್ಲಿ ಹೋಗಬೇಡಿ. ಹದಿನೈದು ನಿಮಿಷ ಓಡಿಸಿಕೊಂಡು ಹೋಗಿ. ಕಾಫಿ ತೋಟದ ಮಣ್ಣುರಸ್ತೆಯಲ್ಲಿ ಓಡುವ ಜೀಪಿನ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಕಪ್ಪು ಹೊಗೆಗೆ ಮೊದಲು ಅದನ್ನು ನೋಡಿ, ಆಮೇಲೆ ಇಂಜೆಕ್ಟರ್.

ಪ್ರಶ್ನೆ: ಬಿಎಸ್‌ 4 ಕಾರಿಗೆ ಫಿಲ್ಟರ್ ಕೂರಿಸಿ ಬಿಎಸ್‌ 6 ಮಾಡಿಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ.
– ಓದುಗರೊಬ್ಬರು, ತುಮಕೂರು

ದುಡ್ಡು ಕೊಡಬೇಡಿ. ಫಿಲ್ಟರಿನಲ್ಲಿ ಕೂತ ಮಸಿಯನ್ನು ಸುಡಲು ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಹೊಗೆಯ ಬಿಸಿಯನ್ನು 600 ಡಿಗ್ರಿಗೆ ಏರಿಸಬೇಕು. ನಿಮ್ಮ ಕಾರಿನ ಕಂಪ್ಯೂಟರಿಗೆ ಅದು ಗೊತ್ತಿಲ್ಲದಿದ್ದರೆ ಫಿಲ್ಟರ್ ಕಟ್ಟಿ, ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಕೂರಿಸಿದರೂ ಆರ್‌ಸಿಯಲ್ಲಿ ಬಿಎಸ್‌ 6 ಎಂದು ಬದಲಾಗುವುದಿಲ್ಲ. ಜನರೇಟರುಗಳಿಗೆ ಇಂಥ ಉಪಕರಣ ಕೂರಿಸುವ ಪದ್ಧತಿ ಇದೆ, ಅದನ್ನೇ ಕಾರಿಗೆ ಹೇಳಿ ಮಾರುತ್ತಿರಬಹುದು.

ಪ್ರಶ್ನೆ: ಬಿಎಸ್‌ 6 ಡೀಸೆಲ್ ಕಾರು, ಕೊಂಡು ಮೂರು ವರ್ಷ. ಮನೆಯಿಂದ ಆಫೀಸಿಗೆ 6 ಕಿ.ಮೀ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ತಿಂಗಳಿಗೆರಡು ಸಲ ಹತ್ತುತ್ತದೆ. ಹೊರಗಿನ ಗ್ಯಾರೇಜಿನವರು ‘ಅದನ್ನೇ ತೆಗೆದುಬಿಡೋಣ ಸಾರ್, ಮೈಲೇಜೂ ಬರುತ್ತೆ’ ಅಂತಿದ್ದಾರೆ. ತೆಗೆಸಲೇ?
– ಓದುಗರೊಬ್ಬರು, ಬಿಟಿಎಂ ಲೇಔಟ್, ಬೆಂಗಳೂರು

ತೆಗೆಸಬೇಡಿ. ತೆಗೆಸಿದರೆ ನಿಮ್ಮ ಬಿಎಸ್‌ 6 ಕಾರು ಕಾಗದದಲ್ಲಿ ಮಾತ್ರ ಬಿಎಸ್‌ 6. ವಾರಂಟಿ ಹೋಗುತ್ತದೆ, ಮೂಲ ವಿನ್ಯಾಸ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಪ್ಪು, ಎಮಿಷನ್ ಟೆಸ್ಟಿನಲ್ಲಿ 0.7 ದಾಟುವ ಸಾಧ್ಯತೆಯೂ ಹೆಚ್ಚು.

ನಿಮ್ಮ ಕಾರಿನಲ್ಲಿ ದೋಷವಿರುವುದು ಕಡಿಮೆ, ಓಡಿಸುವ ದಾರಿಯಲ್ಲಿ ಹೆಚ್ಚು. ಫಿಲ್ಟರ್ ತುಂಬಿದಾಗ ಕಾರು ತಾನಾಗಿ ಸುಡಲು ಶುರುಮಾಡುತ್ತದೆ, ಅದಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ ಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ತೆವಳುತ್ತ ಹೊಗೆ ಅಷ್ಟು ಬಿಸಿಯಾಗುವ ಹೊತ್ತಿಗೆ ನೀವು ಆಫೀಸು ಮುಟ್ಟಿ ಕೀಲಿ ತೆಗೆದಿರುತ್ತೀರಿ. ಸುಡಲೆಂದು ಚಿಮ್ಮಿದ ಡೀಸೆಲ್‌ನಲ್ಲಿ ಒಂದಿಷ್ಟು ಸಿಲಿಂಡರಿನ ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ಇದು ಹತ್ತು ಸಲ ಆದರೆ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತದೆ. ಇವತ್ತೇ ಡಿಪ್‌ಸ್ಟಿಕ್ ಎಳೆದು ನೋಡಿ; ಗರಿಷ್ಠ ಗೆರೆಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಿಸಿ.

ಸುಡುತ್ತಿದೆ ಎಂದು ತಿಳಿಯುವುದು ಹೇಗೆ? ನಿಂತಾಗ ಎಂಜಿನ್ ವೇಗ ಎಂದಿನದಕ್ಕಿಂತ ನೂರಿನ್ನೂರು ಮೇಲಿರುತ್ತದೆ, ಆಟೊ ಸ್ಟಾಪ್ ಕೆಲಸ ಮಾಡುವುದಿಲ್ಲ, ಆ ಕ್ಷಣದ ಮೈಲೇಜ್ ಅಂಕಿ ಕುಸಿಯುತ್ತದೆ, ಕೀಲಿ ತೆಗೆದರೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ. ಹಾಗಿದ್ದಾಗ ಆಫೀಸು ಬಂತೆಂದು ನಿಲ್ಲಿಸಬೇಡಿ, ಇನ್ನೊಂದು ಸುತ್ತು ಹಾಕಿ.

ದೀಪ ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇದೆಯೇ ನೋಡಿಕೊಳ್ಳಿ. ಕಡಿಮೆ ಇದ್ದರೆ ಎಷ್ಟೋ ಕಾರುಗಳು ಸುಡುವ ಕೆಲಸವನ್ನೇ ಶುರುಮಾಡುವುದಿಲ್ಲ. ಬೆಳಗ್ಗೆ ಆರಕ್ಕೆ ನೈಸ್ ರಸ್ತೆಗೆ ಹೋಗಿ. ಗಂಟೆಗೆ 60ರಿಂದ 80 ಕಿ.ಮೀ., ನಾಲ್ಕನೆಯ ಗೇರ್, 2,000ದಿಂದ 2,500 ಆರ್‌ಪಿಎಂ, ಇಪ್ಪತ್ತು ನಿಮಿಷ ಒಂದೇ ಸಮ. ಐದನೇ, ಆರನೇ ಗೇರಿಗೆ ಹಾಕಿದರೆ ವೇಗ ಬಂದರೂ ಬಿಸಿ ಬರುವುದಿಲ್ಲ. ದೀಪ ಮಿನುಗುತ್ತಿದ್ದರೆ ಅಥವಾ ಜೊತೆಗೆ ಎಂಜಿನ್ ದೀಪವೂ ಹತ್ತಿದ್ದರೆ ಈ ಪ್ರಯೋಗ ಬೇಡ, ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ಸುಡಿಸಬೇಕು.

ನೈಸ್ ರಸ್ತೆಯಲ್ಲಿ ಓಡಿಸಿದ ವಾರದೊಳಗೇ ಮತ್ತೆ ದೀಪ ಬಂದರೆ ಮೂರು ಕಡೆ ನೋಡಿಸಿ. ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ಬಿಸಿಯಾಗದಿರುವುದು. ಫಿಲ್ಟರಿನ ಹಿಂದೆ ಮುಂದೆ ಒತ್ತಡ ಅಳೆಯುವ ಸೆನ್ಸರಿನ ಸಣ್ಣ ರಬ್ಬರ್ ಪೈಪು ಸೀಳಿರುವುದು. ಒಂದಿಷ್ಟು ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಮಸಿಗೆ ಅಂಟಿರುವುದು. ಆ ರಬ್ಬರ್ ಪೈಪಿಗೆ ಹೆಚ್ಚಿನ ಬೆಲೆಯಿಲ್ಲ, ಆದರೆ ಅದನ್ನು ನೋಡದೆ ಇಡೀ ಫಿಲ್ಟರ್ ಬದಲಿಸಲು ಹೇಳುವವರಿದ್ದಾರೆ. ಆಯಿಲ್ ಕೊಳ್ಳುವಾಗ ಡಬ್ಬದ ಮೇಲೆ ಕೈಪಿಡಿಯಲ್ಲಿ ಹೇಳಿದ ಎಸಿಇಎ ಸಿ2 ಅಥವಾ ಸಿ3 ಗುರುತು ಇರಲಿ. ಸಾಧಾರಣ ಡೀಸೆಲ್ ಆಯಿಲ್ ಹಾಕಿದರೆ ಅದರ ಬೂದಿ ಫಿಲ್ಟರಿನಲ್ಲಿ ಉಳಿಯುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಫಿಲ್ಟರ್ ಬಿಚ್ಚಿ ತೊಳೆಸಬೇಕು.

ಪ್ರಶ್ನೆ: ಬೆಂಗಳೂರಿಗೂ ಇಂಥ ವಲಯ ಬಂದರೆ? 2016ರ ಡೀಸೆಲ್ ಕಾರು ಈಗಲೇ ಮಾರಲೇ?
– ಓದುಗರೊಬ್ಬರು, ರಾಜಾಜಿನಗರ

ಈಗ ಅಂಥ ವಲಯ ಬೆಂಗಳೂರಿನಲ್ಲಿಲ್ಲ. ಬರಬಹುದೆಂಬ ಭಯಕ್ಕೆ ಮಾರಬೇಡಿ. ವರ್ಷಕ್ಕೆ ಹನ್ನೆರಡು ಸಾವಿರ ಕಿ.ಮೀ.ಗಿಂತ ಹೆಚ್ಚು, ಅದೂ ಹೆದ್ದಾರಿಯಲ್ಲಿ ಓಡಿಸುವವರಾದರೆ ಇಟ್ಟುಕೊಳ್ಳಿ. ಊರೊಳಗೆ ತರಕಾರಿಗೆ, ಮಕ್ಕಳ ಶಾಲೆಗೆ ಮಾತ್ರ ಬಳಕೆಯಾದರೆ ಡೀಸೆಲ್ ಮೊದಲಿನಿಂದಲೂ ನಿಮಗೆ ತಕ್ಕ ಕಾರಾಗಿರಲಿಲ್ಲ. ಮಾರುವುದಾದರೆ ದೆಹಲಿ, ಹರಿಯಾಣದಿಂದ ಅಗ್ಗಕ್ಕೆ ಬರುವ ಹಳೆಯ ಡೀಸೆಲ್‌ಗಳು ಮಾರುಕಟ್ಟೆಯಲ್ಲಿ ನಿಮ್ಮ ಬೆಲೆಯನ್ನು ಎಳೆಯುತ್ತವೆ ಎಂಬುದು ಗೊತ್ತಿರಲಿ; ನಿಮ್ಮದು ಮೊದಲಿನಿಂದ ಕೆಎ 02 ನಂಬರ್, ಒಬ್ಬರೇ ಮಾಲೀಕರು ಎಂಬುದನ್ನು ಜಾಹೀರಾತಿನ ಮೊದಲ ಸಾಲಿನಲ್ಲೇ ಬರೆಯಿರಿ.